ಮಟ್ಟ ಬೇರೆ, ಭಾರ ಬೇರೆ: ಟ್ರೈಲರ್ ಎಳೆಯುವ ಪಿಕಪ್‌ಗಳಿಗೆ ಏರ್ ಸಸ್ಪೆನ್ಷನ್ ಬಂದ ಚರಿತ್ರೆ

ಪೀಠಿಕೆ

ಪಿಕಪ್ ಟ್ರಕ್ಕಿಗೆ ಭಾರದ ಟ್ರೈಲರ್ ಕಟ್ಟಿದರೆ ಟ್ರಕ್ಕಿನ ಹಿಂಭಾಗ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ, ಹೆಡ್‌ಲೈಟ್ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಟ್ರಕ್ಕಿಗೆ ಏರ್ ಸಸ್ಪೆನ್ಷನ್ ಇದ್ದರೆ ಕಂಪ್ರೆಸರ್ ಶುರುವಾಗಿ, ಸ್ವಲ್ಪ ಹೊತ್ತಿನಲ್ಲೇ ಹಿಂಭಾಗ ಮೊದಲಿನ ಎತ್ತರಕ್ಕೆ ಬಂದು ನಿಲ್ಲುತ್ತದೆ. ಗಾಡಿ ನೇರವಾಗಿ ನಿಂತದ್ದನ್ನು ಕಂಡ ಮಾಲೀಕ, ಟ್ರೈಲರಿನ ಭಾರವನ್ನು ಟ್ರಕ್ಕು ಸಂಭಾಳಿಸಿತು ಎಂದುಕೊಂಡು ಹೊರಡುತ್ತಾನೆ.

ಹೀಗೆ ಅಂದುಕೊಳ್ಳುವುದು ಸರಿಯೇ ಎಂಬುದು ಈ ಲೇಖನದ ಪ್ರಶ್ನೆ. ಗಾಡಿಯ ಎತ್ತರ ಕಾಯುವ ತಂತ್ರ ಒಂದು ದಾರಿಯಲ್ಲಿ ಬೆಳೆಯಿತು, ಟ್ರೈಲರಿನ ಭಾರವನ್ನು ಆಕ್ಸಲ್‌ಗಳ ನಡುವೆ ಹಂಚುವ ತಂತ್ರ ಇನ್ನೊಂದು ದಾರಿಯಲ್ಲಿ ಬೆಳೆಯಿತು. ಇವೆರಡೂ ಒಂದೇ ಪಿಕಪ್‌ನಲ್ಲಿ ಎದುರಾದದ್ದು ತೀರಾ ಈಚೆಗೆ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು ಎಂಬುದಕ್ಕೆ ಈ ಎರಡೂ ದಾರಿಗಳ ಚರಿತ್ರೆಯಲ್ಲೇ ಸಾಕ್ಷ್ಯವಿದೆ. ಅದನ್ನು ಒಂದೆಡೆ ತರುವುದು ನನ್ನ ಉದ್ದೇಶ.

1. ಗಾಳಿಯ ಮೇಲೆ ಗಾಡಿ ನಿಲ್ಲಿಸುವ ಮೊದಲ ಪ್ರಯತ್ನಗಳು

ಸ್ಪ್ರಿಂಗ್‌ನ ಜಾಗದಲ್ಲಿ ಗಾಳಿಯನ್ನು ಬಳಸುವ ಆಲೋಚನೆ ಮೋಟಾರು ಕಾರಿನಷ್ಟೇ ಹಳೆಯದು. ಅಮೆರಿಕದ ವಿಲಿಯಂ ಹಂಫ್ರೀಸ್ 1901ರಲ್ಲಿ ವಾಹನಗಳ ಗಾಳಿ ಸ್ಪ್ರಿಂಗ್‌ಗೆ ಪೇಟೆಂಟ್ ಪಡೆದ. ಫ್ರಾನ್ಸಿನ ಜಾರ್ಜ್ ಮೆಸ್ಸಿಯೆ 1920ರ ದಶಕದಲ್ಲಿ ಗಾಳಿ ಸಸ್ಪೆನ್ಷನ್ ಇರುವ ಕಾರುಗಳನ್ನೇ ತಯಾರಿಸಿದ. ಈ ಪ್ರಯತ್ನಗಳು ವ್ಯಾಪಕವಾಗದೆ ಉಳಿಯಲು ದೊಡ್ಡ ಕಾರಣ ಸೋರಿಕೆ. ಒತ್ತಡದ ಗಾಳಿಯನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಂಡು, ದಿನವೂ ಸಾವಿರಾರು ಸಲ ಮಡಚಿ ಬಿಚ್ಚಿಕೊಳ್ಳಬಲ್ಲ ರಬ್ಬರ್ ಆಗ ಇರಲಿಲ್ಲ.

ಆ ಕೊರತೆಯನ್ನು ನೀಗಲು ಮುಂದಾದದ್ದು ಟೈರ್ ಕಂಪನಿ. 1930ರ ದಶಕದಲ್ಲಿ ಫೈರ್‌ಸ್ಟೋನ್ ಸಂಸ್ಥೆ, ಟೈರಿನಂತೆಯೇ ನೂಲಿನ ಪದರಗಳನ್ನು ರಬ್ಬರಿನಲ್ಲಿ ಕೂಡಿಸಿದ ಗಾಳಿ ಸ್ಪ್ರಿಂಗ್‌ಗಳ ಮೇಲೆ ಕೆಲಸ ಶುರುಮಾಡಿತು. ಅದು ಮೊದಲು ನೆಲೆ ಕಂಡದ್ದು ಬಸ್ಸಿನಲ್ಲಿ. ಜನರಲ್ ಮೋಟಾರ್ಸ್ 1953ರಲ್ಲಿ ದೂರಪ್ರಯಾಣದ ಬಸ್ಸುಗಳಿಗೆ ಏರ್ ಸಸ್ಪೆನ್ಷನ್ ಕೊಟ್ಟಿತು. 1954ರಲ್ಲಿ ಬಂದ ಗ್ರೇಹೌಂಡ್ ಕಂಪನಿಯ ಹೆಸರಾಂತ ಸೀನಿಕ್ರೂಸರ್ ಬಸ್ಸಿನಲ್ಲೂ ಅದೇ ಇತ್ತು.

ಬಸ್ಸೇ ಮೊದಲಾದದ್ದು ಆಕಸ್ಮಿಕವಲ್ಲ. ಖಾಲಿ ಬಸ್ಸಿನ ತೂಕಕ್ಕೂ ಜನ, ಸಾಮಾನು ತುಂಬಿದ ಬಸ್ಸಿನ ತೂಕಕ್ಕೂ ಹಲವು ಟನ್ ಅಂತರವಿರುತ್ತದೆ. ತುಂಬಿದ ಬಸ್ಸಿಗೆ ಹೊಂದುವ ಕಮಾನ್ ಪಟ್ಟಿ ಖಾಲಿ ಬಸ್ಸಿನಲ್ಲಿ ಕುಣಿಸುತ್ತದೆ, ಖಾಲಿ ಬಸ್ಸಿಗೆ ಹೊಂದುವ ಪಟ್ಟಿ ತುಂಬಿದಾಗ ತಳ ಹಿಡಿಯುತ್ತದೆ. ಗಾಳಿಗೆ ಈ ಕಷ್ಟವಿಲ್ಲ, ಭಾರ ಹೆಚ್ಚಿದಂತೆ ಒತ್ತಡ ಹೆಚ್ಚಿಸಿದರೆ ಆಯಿತು. ಏರ್ ಬ್ರೇಕಿಗಾಗಿ ಕಂಪ್ರೆಸರ್ ಬಸ್ಸಿನಲ್ಲಿ ಹೇಗೂ ಇತ್ತು. ಕರ್ನಾಟಕದ ಪ್ರಯಾಣಿಕರಿಗೆ ಈ ಸುಖದ ಪರಿಚಯ ಮಾಡಿಸಿದ್ದೂ ಬಸ್ಸೇ: ರಾಜ್ಯ ರಸ್ತೆ ಸಾರಿಗೆ ನಿಗಮದ ಐರಾವತ ವೋಲ್ವೊಗಳು ನಿಂತಿರುವುದು ಇಂಥ ಗಾಳಿ ತುಂಬಿದ ರಬ್ಬರ್ ಬೆಲ್ಲೋಗಳ ಮೇಲೆ.

ಬೆಲ್ಲೋಗೆ ಗಾಳಿ ತುಂಬಿ, ಬಿಟ್ಟು ಬಸ್ಸಿನ ಎತ್ತರ ಕಾಯುತ್ತಿದ್ದ ವಾಲ್ವ್ ಸರಳವಾದ ಸಾಧನ. ವಾಲ್ವ್ ಇರುವುದು ಚಾಸಿಸ್ ಮೇಲೆ. ಅದರಿಂದ ಹೊರಟ ಚಿಕ್ಕ ತೋಳನ್ನು ಒಂದು ಸರಳಿನ ಮೂಲಕ ಆಕ್ಸಲ್‌ಗೆ ಜೋಡಿಸಿರುತ್ತಾರೆ. ಬಾಡಿ ಕುಸಿದರೆ ತೋಳು ಮೇಲಕ್ಕೆ ತಿರುಗಿ ಟ್ಯಾಂಕಿನ ಗಾಳಿ ಬೆಲ್ಲೋಗೆ ನುಗ್ಗುತ್ತದೆ, ಬಾಡಿ ಎದ್ದರೆ ತೋಳು ಕೆಳಕ್ಕೆ ತಿರುಗಿ ಗಾಳಿ ಹೊರಬೀಳುತ್ತದೆ, ನಡುವೆ ನಿಂತಾಗ ಎರಡೂ ಬಾಯಿ ಮುಚ್ಚಿರುತ್ತವೆ. ಇಲ್ಲಿ ಗಮನಿಸಬೇಕಾದದ್ದು, ಆ ತೋಳಿಗೆ ಗೊತ್ತಾಗುವುದು ಆಕ್ಸಲ್‌ಗೂ ಬಾಡಿಗೂ ಇರುವ ಅಂತರ ಮಾತ್ರ. ಮುಂದಿನ ಚಕ್ರಗಳ ಮೇಲೆ ಎಷ್ಟು ಭಾರವಿದೆ ಎಂದು ತಿಳಿಯುವ ದಾರಿ ಅದಕ್ಕಿಲ್ಲ. ತೋಳಿನ ಜಾಗಕ್ಕೆ ಮುಂದೆ ಎಲೆಕ್ಟ್ರಾನಿಕ್ ಸೆನ್ಸರ್ ಬಂದರೂ ಈ ಮಿತಿ ಹಾಗೆಯೇ ಉಳಿಯಿತು.

2. ಕಾರುಗಳಲ್ಲಿ ಗೆಲುವು, ಸೋಲು

1950ರ ದಶಕದ ನಡುವೆ ಕಾರು ತಯಾರಕರೂ ಸಮಮಟ್ಟದ ಬೆನ್ನು ಹತ್ತಿದರು. ವಿಲಿಯಂ ಆಲಿಸನ್ ರೂಪಿಸಿದ ಏರ್ಪಾಡನ್ನು ಪ್ಯಾಕರ್ಡ್ ಕಂಪನಿ 1955ರಲ್ಲಿ ಅಳವಡಿಸಿತು. ಅದರಲ್ಲಿ ಮುಂದಿನ, ಹಿಂದಿನ ಚಕ್ರಗಳನ್ನು ಉದ್ದನೆಯ ತಿರುಚು ಸರಳುಗಳು ಕೂಡಿಸುತ್ತಿದ್ದವು, ಎತ್ತರವನ್ನು ಒಂದು ವಿದ್ಯುತ್ ಮೋಟಾರು ಸರಿಪಡಿಸುತ್ತಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಮೋಟಾರು ಓಡದಂತೆ ಅದಕ್ಕೆ ಸುಮಾರು 7 ಸೆಕೆಂಡು ತಡವನ್ನು ಸೇರಿಸಿದ್ದರು. ಅದೇ ವರ್ಷ ಸಿಟ್ರೊಯೆನ್ ಡಿಎಸ್ ಕಾರು, ಪಾಲ್ ಮಾಜೆಸ್ ರೂಪಿಸಿದ ಎಣ್ಣೆ ಮತ್ತು ಅನಿಲದ ಸಸ್ಪೆನ್ಷನ್‌ನೊಂದಿಗೆ ಜಗತ್ತಿನ ಮುಂದೆ ಬಂತು.

1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್‌ಗೆ ನಾಲ್ಕೂ ಚಕ್ರಗಳಲ್ಲಿ ಏರ್ ಸಸ್ಪೆನ್ಷನ್ ಇತ್ತು. ಅದರ ಬೆಲೆ ಆಗಲೇ 13 ಸಾವಿರ ಡಾಲರ್ ದಾಟಿತ್ತು. ಮರುವರ್ಷ ಅಮೆರಿಕದ ಹಲವು ಕಂಪನಿಗಳು ಸಾಮಾನ್ಯ ಕಾರುಗಳಿಗೂ ಅದನ್ನು ಹೆಚ್ಚುವರಿ ಬೆಲೆಗೆ ಕೊಡಲು ಹೊರಟವು. ಆದರೆ ಸೋರಿಕೆಯ ಕಾಟ ತಪ್ಪಲಿಲ್ಲ, ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ನೆಲ ಕಚ್ಚಿರುತ್ತಿತ್ತು. ಬ್ರೂಮ್ ಮಾಲೀಕರಲ್ಲೇ ಅನೇಕರು ಗಾಳಿಯನ್ನು ಕಿತ್ತು ಉಕ್ಕಿನ ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು.

ಆಮೇಲೆ ಬಂದದ್ದು ನಡುದಾರಿ. ಕ್ಯಾಡಿಲಾಕ್ 1965ರಲ್ಲಿ ತಂದ ಏರ್ಪಾಡಿನಲ್ಲಿ ಭಾರ ಹೊರುವ ಮುಖ್ಯ ಕೆಲಸ ಉಕ್ಕಿನ ಸ್ಪ್ರಿಂಗ್‌ನದೇ, ಹಿಂದಿನ ಶಾಕ್ ಅಬ್ಸಾರ್ಬರ್‌ಗಳಿಗೆ ಗಾಳಿ ತುಂಬಿ ಎತ್ತರವನ್ನಷ್ಟೇ ಕಾಯುವುದು. ಎಲೆಕ್ಟ್ರಾನಿಕ್ ನಿಯಂತ್ರಣದ ಪೂರ್ಣ ಏರ್ ಸಸ್ಪೆನ್ಷನ್ ಅಮೆರಿಕದ ಕಾರಿಗೆ ಮರಳಿದ್ದು 1984ರ ಲಿಂಕನ್ ಮಾರ್ಕ್ 7ರೊಂದಿಗೆ. ಈ ಮೂರು ದಶಕಗಳ ಉದ್ದಕ್ಕೂ ಎಂಜಿನಿಯರ್‌ಗಳು ಬಿಡಿಸುತ್ತಿದ್ದದ್ದು ಸವಾರಿಯ ಸುಖ ಮತ್ತು ಎತ್ತರದ ಸಮಸ್ಯೆಯನ್ನು. ಟ್ರೈಲರ್ ಎಳೆಯುವವರ ಮುಖ್ಯ ಸಮಸ್ಯೆ ಬೇರೆಯೇ ಇತ್ತು.

3. ಎಳೆಯುವವರ ಸಮಸ್ಯೆ: ಮುಂಭಾರ, ಹಿಂಭಾರ

ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಈ ಸಮಸ್ಯೆ ವಿವರಿಸಬೇಕಿಲ್ಲ. ಹೇರು ಹಿಂದಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಮುಂದಾದರೆ ನೊಗ ಹೆಗಲ ಮೇಲೆ ಕೂರುತ್ತದೆ. ಆಕ್ಸಲ್‌ನ ಆಚೀಚೆ ಭಾರ ಎಲ್ಲಿ ಕೂರುತ್ತದೆ ಎಂಬುದೇ ಗಾಡಿಯ ನಡೆಯನ್ನು ತೀರ್ಮಾನಿಸುತ್ತದೆ.

ಟ್ರೈಲರ್ ಹಾವಿನಂತೆ ಓಲಾಡದಿರಬೇಕಾದರೆ ಅದರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಟ್ರಕ್ಕಿನ ಹಿಚ್ ಬಾಲ್ (ಟ್ರೈಲರ್ ಕೂಡಿಸುವ ಗುಂಡು) ಮೇಲೆ ಕೂರಬೇಕು. 3,000 ಕಿಲೋ ಟ್ರೈಲರ್ ಎಂದರೆ ಕನಿಷ್ಠ 300 ಕಿಲೋ. ಆ ಬಾಲ್ ಇರುವುದು ಹಿಂದಿನ ಆಕ್ಸಲ್‌ನಿಂದಲೂ ಹಿಂದೆ. ಟ್ರಕ್ಕಿನ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ಅಂತರ) 3.6 ಮೀಟರ್, ಬಾಲ್ ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ ಎಂದು ಹಿಡಿಯೋಣ. ಸನ್ನೆಗೋಲಿನ ಲೆಕ್ಕದಲ್ಲಿ, 300 ಕಿಲೋ ಹೇರಿದಾಗ ಹಿಂದಿನ ಆಕ್ಸಲ್ ಮೇಲೆ 400 ಕಿಲೋ ಏರುತ್ತದೆ, ಮುಂದಿನ ಆಕ್ಸಲ್‌ನಿಂದ 100 ಕಿಲೋ ಇಳಿಯುತ್ತದೆ. ಸ್ಟೀರಿಂಗ್ ತಿರುಗಿಸುವುದೂ ಬ್ರೇಕಿನ ದೊಡ್ಡ ಪಾಲು ಹೊರುವುದೂ ಆ ಮುಂದಿನ ಚಕ್ರಗಳೇ.

ಈ ಲೆಕ್ಕದಲ್ಲಿ ಸ್ಪ್ರಿಂಗ್‌ನ ಮಾತೇ ಇಲ್ಲ. ಕಮಾನ್ ಪಟ್ಟಿ ಇರಲಿ, ಕಾಯಿಲ್ ಇರಲಿ, ಗಾಳಿ ಇರಲಿ, ಆಕ್ಸಲ್‌ಗಳ ಮೇಲೆ ಬೀಳುವ ಭಾರ ಹೆಚ್ಚು ಕಡಿಮೆ ಅಷ್ಟೇ. ಬೆಲ್ಲೋಗೆ ಗಾಳಿ ತುಂಬಿ ಹಿಂಭಾಗ ಎತ್ತಿದರೆ ಟ್ರಕ್ಕು ನೇರವಾಗುತ್ತದೆ, ಹೆಡ್‌ಲೈಟ್ ರಸ್ತೆಗೆ ಇಳಿಯುತ್ತದೆ, ಸಸ್ಪೆನ್ಷನ್‌ಗೆ ಆಡಲು ಜಾಗ ಸಿಗುತ್ತದೆ. ಇವೆಲ್ಲ ನಿಜವಾದ ಲಾಭಗಳೇ. ಆದರೆ ಮುಂದಿನ ಚಕ್ರ ಕಳೆದುಕೊಂಡ 100 ಕಿಲೋ ಇದರಿಂದ ಮರಳುವುದಿಲ್ಲ.

ಅದನ್ನು ಮರಳಿಸಲು ಬೇರೊಂದು ಸಾಧನ ಬೇಕಾಯಿತು. ಕಳೆದ ಶತಮಾನದ ನಡುಭಾಗದಲ್ಲಿ, ಅಮೆರಿಕದ ಕುಟುಂಬಗಳು ಕಾರಿನ ಹಿಂದೆ ವಸತಿ ಟ್ರೈಲರ್ ಕಟ್ಟಿಕೊಂಡು ಪ್ರವಾಸ ಹೊರಡತೊಡಗಿದ ಕಾಲಕ್ಕೆ, ಭಾರ ಹಂಚುವ ಹಿಚ್ ಬಳಕೆಗೆ ಬಂತು. ಅದರಲ್ಲಿ ಹಿಚ್‌ನ ಕೆಳಗಿನಿಂದ ಎರಡು ಉಕ್ಕಿನ ಸ್ಪ್ರಿಂಗ್ ಸರಳುಗಳು ಟ್ರೈಲರಿನ ಚೌಕಟ್ಟಿನ ಉದ್ದಕ್ಕೆ ಹಿಂದೆ ಚಾಚುತ್ತವೆ. ಅವುಗಳ ತುದಿಯನ್ನು ಸರಪಳಿಯಿಂದ ಮೇಲಕ್ಕೆಳೆದು ಚೌಕಟ್ಟಿಗೆ ಬಿಗಿದರೆ ಆ ಬಿಗಿತ ಟ್ರಕ್ಕಿನ ಹಿಂಭಾಗವನ್ನು ಎತ್ತಿ ಮುಂಭಾಗವನ್ನು ಒತ್ತುತ್ತದೆ. ಹಿಂದಿನ ಆಕ್ಸಲ್‌ನ ಹೆಚ್ಚುವರಿ ಭಾರದಲ್ಲಿ ಒಂದು ಪಾಲು ಮುಂದಿನ ಆಕ್ಸಲ್‌ಗೂ ಇನ್ನೊಂದು ಪಾಲು ಟ್ರೈಲರಿನ ಆಕ್ಸಲ್‌ಗೂ ಹೋಗುತ್ತದೆ. 1967ರಲ್ಲಿ ಜನರಲ್ ಮೋಟಾರ್ಸ್‌ನ ಆರ್. ಟಿ. ಬಂಡಾರ್ಫ್, ಕಾರು ಮತ್ತು ಟ್ರೈಲರ್ ಜೋಡಿಯ ದಿಕ್ಕು ನಿಯಂತ್ರಣದ ಬಗ್ಗೆ ಪ್ರಬಂಧ ಮಂಡಿಸಿದರು. ಅಷ್ಟು ಹೊತ್ತಿಗೆ ಇದು ಶಾಸ್ತ್ರೀಯ ಅಧ್ಯಯನದ ವಿಷಯವಾಗಿತ್ತು.

4. ಪಿಕಪ್‌ಗೆ ಏಕೆ ತಡವಾಗಿ ಬಂತು?

ಏರ್ ಸಸ್ಪೆನ್ಷನ್ ಬಸ್ಸಿಗೆ ಬಂದ ಅರ್ಧ ಶತಮಾನದ ನಂತರವೂ ಬಹುತೇಕ ಪಿಕಪ್‌ಗಳ ಹಿಂಭಾಗ ಕಮಾನ್ ಪಟ್ಟಿಯ ಮೇಲೆಯೇ ನಿಂತಿತ್ತು. ಕಮಾನ್ ಪಟ್ಟಿ ಭಾರ ಹೊರುವುದಷ್ಟೇ ಅಲ್ಲ, ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಗಾಳಿಯ ಬೆಲ್ಲೋ ಮೇಲೆ ಕೆಳಗೆ ಭಾರ ಹೊರಬಲ್ಲದು, ಆಕ್ಸಲ್ ಹಿಡಿದಿಡಲಾರದು. ಆದ್ದರಿಂದ ಪಟ್ಟಿ ತೆಗೆದರೆ ಆಕ್ಸಲ್‌ಗೆ ಬೇರೆ ಸರಳುಗಳ ಆಧಾರ ಕೊಡಲೇಬೇಕು, ಅದಕ್ಕೆ ವೆಚ್ಚವಾಗುತ್ತದೆ.

ಈ ನಡುವಿನ ಕಾಲದಲ್ಲಿ ಮಾಲೀಕರು ನೆಚ್ಚಿಕೊಂಡದ್ದು ಸಹಾಯಕ ಗಾಳಿಚೀಲಗಳನ್ನು. 1949ರಲ್ಲಿ ಮಿಶಿಗನ್‌ನ ಲ್ಯಾನ್ಸಿಂಗ್‌ನಲ್ಲಿ ಶುರುವಾದ ಏರ್ ಲಿಫ್ಟ್ ಕಂಪನಿ ಇಂಥವನ್ನೇ ಮಾರುತ್ತ ಬೆಳೆಯಿತು. ಟ್ರೈಲರ್ ಕಟ್ಟಿದ ಮೇಲೆ ಟೈರಿಗೆ ತುಂಬುವಂತೆ ಗಾಳಿ ತುಂಬಬೇಕು, ಬಿಚ್ಚಿದ ಮೇಲೆ ಬಿಡಬೇಕು. ಕೈಯಾರೆ ಮಾಡುವ ಕೆಲಸವಾದ್ದರಿಂದ ಎತ್ತರ ಎಷ್ಟು ಬದಲಾಯಿತು ಎಂಬುದು ಮಾಲೀಕನ ಕಣ್ಣಿಗೆ ಬೀಳುತ್ತಿತ್ತು.

ರ‍್ಯಾಮ್ 1500 ಪಿಕಪ್ 2009ರ ಮಾದರಿಯಲ್ಲಿ ಹಿಂದಿನ ಕಮಾನ್ ಪಟ್ಟಿಯನ್ನು ಬಿಟ್ಟು, ಐದು ಸರಳುಗಳ ಆಧಾರ ಮತ್ತು ಕಾಯಿಲ್ ಸ್ಪ್ರಿಂಗ್‌ಗೆ ಬಂತು. ಆಕ್ಸಲ್ ಹಿಡಿಯುವ ಕೆಲಸವೂ ಭಾರ ಹೊರುವ ಕೆಲಸವೂ ಬೇರೆಯಾದವು, ಕಾಯಿಲ್ ತೆಗೆದು ಬೆಲ್ಲೋ ಕೂರಿಸುವ ದಾರಿ ತೆರೆಯಿತು. 2013ರ ಮಾದರಿಯಲ್ಲಿ ನಾಲ್ಕೂ ಮೂಲೆಗೆ ಏರ್ ಸಸ್ಪೆನ್ಷನ್ ಆಯ್ಕೆಯಾಗಿ ಬಂತು. ಅದರಲ್ಲಿ ಐದು ಎತ್ತರಗಳಿದ್ದವು: ಹೆದ್ದಾರಿಯಲ್ಲಿ ಗಾಳಿಯ ತಡೆ ತಗ್ಗಿಸಲು 0.6 ಇಂಚು ಕೆಳಗೆ, ಕಚ್ಚಾ ದಾರಿಗೆ 2 ಇಂಚಿನವರೆಗೆ ಮೇಲೆ, ಹತ್ತಿ ಇಳಿಯಲು 2 ಇಂಚು ಕೆಳಗೆ. 2014ರಲ್ಲಿ ಹೆಚ್ಚು ಭಾರದ ರ‍್ಯಾಮ್ 2500ರ ಹಿಂಭಾಗಕ್ಕೆ, 2022ರಲ್ಲಿ ಟೊಯೋಟಾ ಟಂಡ್ರಾದ ಹಿಂಭಾಗಕ್ಕೆ ಇಂಥ ಆಯ್ಕೆ ಬಂತು.

5. ಕೈಪಿಡಿ ಹೇಳುವ ಸಾಕ್ಷ್ಯ

ಎರಡು ದಾರಿಗಳು ಕೂಡಿದ್ದು ಇಲ್ಲಿ. ಏರ್ ಸಸ್ಪೆನ್ಷನ್ ಇರುವ ಟ್ರಕ್ಕಿಗೆ ಭಾರ ಹಂಚುವ ಹಿಚ್ ಕಟ್ಟುವುದು ಹೇಗೆ? ರ‍್ಯಾಮ್ 1500ರ ಮಾಲೀಕರ ಕೈಪಿಡಿ ಕೊಡುವ ಕ್ರಮ ಈ ಲೇಖನದ ವಾದಕ್ಕೆ ಮುಖ್ಯ ಆಧಾರ.

ಟ್ರೈಲರ್ ಕಟ್ಟುವ ಮುಂಚೆ, ಟೈರ್ ಬದಲಿಸುವಾಗ ಬಳಸುವ ಜ್ಯಾಕ್ ಮೋಡ್‌ಗೆ ಟ್ರಕ್ಕನ್ನು ಹಾಕಬೇಕು. ಅದರಿಂದ ತಾನಾಗಿ ಮಟ್ಟ ಹೊಂದಿಸುವ ಕೆಲಸ ನಿಲ್ಲುತ್ತದೆ. ನೆಲದಿಂದ ಮುಂದಿನ ಚಕ್ರದ ಕಮಾನಿನ ಅಂಚಿನವರೆಗೆ ಟೇಪು ಹಿಡಿದು ಅಳೆಯಬೇಕು, ಉದಾಹರಣೆಗೆ 95 ಸೆಂ.ಮೀ. ಎನ್ನೋಣ. ಹಂಚುವ ಸರಳುಗಳನ್ನು ಬಿಗಿಯದೆ ಟ್ರೈಲರ್ ಕಟ್ಟಿ ಮತ್ತೆ ಅಳೆಯಬೇಕು. ಮೂತಿ ಎದ್ದು 99 ಆಗಿದೆ ಎನ್ನೋಣ. ಈಗ ಸರಳುಗಳನ್ನು ಬಿಗಿದು, ಎದ್ದದ್ದರಲ್ಲಿ ಅರ್ಧದಷ್ಟು, ಅಂದರೆ ಸುಮಾರು 97ಕ್ಕೆ ಇಳಿಸಬೇಕು. ಕೊನೆಗೆ ಜ್ಯಾಕ್ ಮೋಡ್ ತೆಗೆಯಬೇಕು. ನಡುವೆ ಗಂಟೆಗೆ 8 ಕಿ.ಮೀ. ಮೀರಿ ಓಡಿಸಿದರೆ ಆ ಮೋಡ್ ತಾನೇ ರದ್ದಾಗುತ್ತದೆ, ಅಳತೆಯನ್ನು ಮೊದಲಿನಿಂದ ಶುರುಮಾಡಬೇಕು.

ಮಟ್ಟ ಹೊಂದಿಸುವುದನ್ನೇ ನಿಲ್ಲಿಸಿ ಅಳೆಯಬೇಕು ಎನ್ನುವುದರ ಕಾರಣ ಸ್ಪಷ್ಟವಿದೆ. ಉಕ್ಕಿನ ಸ್ಪ್ರಿಂಗ್‌ನಲ್ಲಿ ಎತ್ತರ ಭಾರಕ್ಕೆ ಕನ್ನಡಿ: ಮುಂಭಾಗ ಎಷ್ಟು ಎದ್ದಿತೋ ಅಷ್ಟು ಭಾರ ಇಳಿದಿದೆ. ಏರ್ ಸಸ್ಪೆನ್ಷನ್ ಕೆಲಸ ಮಾಡುತ್ತಿದ್ದರೆ ಎದ್ದ ಮುಂಭಾಗದ ಗಾಳಿ ತಗ್ಗಿಸಿ, ಕುಸಿದ ಹಿಂಭಾಗಕ್ಕೆ ಗಾಳಿ ತುಂಬಿ, ಎರಡನ್ನೂ ನಿಗದಿತ ಎತ್ತರಕ್ಕೆ ತಂದುಬಿಡುತ್ತದೆ. ಆಗ ಟೇಪು 95 ಸೆಂ.ಮೀ. ತೋರಿಸಿದರೂ ಚಕ್ರದ ಮೇಲಿನ ಭಾರ ಕಡಿಮೆಯೇ ಇರುತ್ತದೆ, ಕೊರತೆ ಅಳತೆಯಿಂದ ಮರೆಯಾಗುತ್ತದೆ. ಮೊದಲು ಗಾಳಿಯಿಂದ ಹಿಂಭಾಗ ಎತ್ತಿ ಆಮೇಲೆ ಸರಳು ಬಿಗಿದರೆ ಎಷ್ಟು ಬಿಗಿಯಬೇಕೆಂಬ ಅಂದಾಜೂ ಸಿಗುವುದಿಲ್ಲ. ಬಿಗಿದ ಮೇಲೆ ಹಿಂಭಾಗ ಗಾಳಿಯಿಂದ ತುಸು ಎದ್ದರೆ ಸರಳುಗಳ ಬಿಗಿತವೂ ತುಸು ಸಡಿಲಾಗುತ್ತದೆ. ಹಾಗಾಗಿ ಕೊನೆಯ ಮಾತು ತೂಕದ್ದೇ ಆಗಬೇಕು. ವೇ ಬ್ರಿಡ್ಜ್ ಮೇಲೆ ಟ್ರಕ್ಕನ್ನು ಒಂಟಿಯಾಗಿ, ಸರಳು ಬಿಗಿಯದೆ ಟ್ರೈಲರ್ ಸಮೇತ, ಸರಳು ಬಿಗಿದು ಟ್ರೈಲರ್ ಸಮೇತ, ಹೀಗೆ ಮೂರು ಸಲ ಆಕ್ಸಲ್‌ವಾರು ತೂಗಿದರೆ ಊಹೆಗೆ ಜಾಗ ಉಳಿಯುವುದಿಲ್ಲ.

ಉಪಸಂಹಾರ

ಈ ಚರಿತ್ರೆಯ ಮುಂದಿನ ಹೆಜ್ಜೆ ಯಾವ ಕಡೆ ಎಂಬ ಸೂಚನೆ ಈಗಾಗಲೇ ಇದೆ. ಫೋರ್ಡ್ 2021ರ ಎಫ್-150ರಲ್ಲಿ, ಹೇರಿದ ಭಾರವನ್ನೂ ಹಿಚ್ ಮೇಲೆ ಕೂತ ಭಾರವನ್ನೂ ಅಂದಾಜಿಸಿ ಪರದೆಯ ಮೇಲೆ ತೋರಿಸುವ ಏರ್ಪಾಡು ತಂದಿತು. ಅದರ ಆಧಾರ ಎತ್ತರದ ಸೆನ್ಸರ್‌ಗಳೇ. ಉಕ್ಕಿನ ಸ್ಪ್ರಿಂಗ್ ಎಷ್ಟು ಕುಸಿಯಿತು ಎಂಬುದರಿಂದ ಭಾರ ಎಷ್ಟೆಂದು ಅದು ಲೆಕ್ಕ ಹಾಕುತ್ತದೆ. ಎತ್ತರ ಬದಲಾಗದ ಗಾಳಿ ಸ್ಪ್ರಿಂಗ್‌ನಲ್ಲಿ ಆ ಲೆಕ್ಕ ನಡೆಯದು, ಆದರೆ ಅಲ್ಲಿ ಭಾರದ ಸುಳಿವು ಒತ್ತಡದಲ್ಲಿದೆ. ಬೆಲ್ಲೋದ ಒತ್ತಡವನ್ನು ಅದು ಒತ್ತುವ ವಿಸ್ತೀರ್ಣದಿಂದ ಗುಣಿಸಿದರೆ ಹೊತ್ತ ಭಾರ ಸಿಗುತ್ತದೆ.

ಏರ್ ಸಸ್ಪೆನ್ಷನ್ ಒಳ್ಳೆಯ ಸಾಧನ. ಅರ್ಧ ಶತಮಾನದ ಸೋಲುಗಳನ್ನು ದಾಟಿ ಗಟ್ಟಿಯಾದ ಈ ತಂತ್ರ, ಟ್ರೈಲರ್ ಎಳೆಯುವವರಿಗೆ ಸಮಮಟ್ಟದ ಗಾಡಿಯನ್ನೂ ಸರಿಯಾದ ದಿಕ್ಕಿನ ಬೆಳಕನ್ನೂ ಕೊಟ್ಟಿದೆ. ಆದರೆ ಬಸ್ಸಿನ ವಾಲ್ವ್‌ನಿಂದ ಇಂದಿನ ಸೆನ್ಸರ್‌ವರೆಗೆ ಅದು ಕಾದದ್ದು ಎತ್ತರವನ್ನು. ಮುಂದಿನ ಚಕ್ರಗಳ ಭಾರ ಕಾಯುವ ಕೆಲಸವನ್ನು ಎಪ್ಪತ್ತು ವರ್ಷಗಳ ಹಿಂದಿನಂತೆ ಇಂದಿಗೂ ಮಾಡುತ್ತಿರುವುದು ಆ ಉಕ್ಕಿನ ಸರಳುಗಳು ಮತ್ತು ಸರಪಳಿಗಳೇ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಗಾಳಿಯ ಕೆಲಸ ನಿಲ್ಲಿಸಿ ಭಾರ ಹಂಚುವುದು, ನಂತರ ಗಾಳಿಗೆ ಮಟ್ಟದ ಕೆಲಸ ವಹಿಸುವುದು, ಹೊರಡುವ ಮುಂಚೆ ತೂಗಿ ನೋಡುವುದು. ಟ್ರಕ್ಕಿನಲ್ಲೂ ಎದುರಿನ ರಸ್ತೆಯಲ್ಲೂ ಇರುವವರ ಜೀವ ಆ ಮುಂದಿನ ಎರಡು ಟೈರುಗಳ ಹಿಡಿತವನ್ನೇ ನಂಬಿರುವುದರಿಂದ, ನೋಟಕ್ಕೆ ನೇರವಾಗಿ ನಿಂತ ಗಾಡಿಯನ್ನು ಕಂಡು ಈ ಕ್ರಮದ ಯಾವ ಹಂತವನ್ನೂ ಬಿಡಬಾರದು.