ನೀಲಿ ಮಣ್ಣಿನ ಲೆಕ್ಕ



ನಿಮ್ಮ ಊರಿನಲ್ಲಿ ಒರೆಗಲ್ಲು ಎನ್ನಿ, ಉರೈಕಲ್ ಎನ್ನಿ, ಗೀಟುರಾಯಿ ಎನ್ನಿ, ಕಸೋಟಿ ಎನ್ನಿ, ಕಲ್ಲಿನ ಕೆಲಸ ಒಂದೇ. ಬ್ಯಾಂಕಿನಲ್ಲಿ ಒಡವೆ ಸಾಲದ ಮೇಜಿನ ಬಳಿ ಕುಳಿತು ಅದನ್ನು ಬಹಳ ವರ್ಷ ನೋಡಿದವನು ನಾನು. ಅಕ್ಕಸಾಲಿಗರು ಬಳೆಯನ್ನು ಕಲ್ಲಿಗೆ ಉಜ್ಜುತ್ತಾರೆ. ಗೆರೆ ಬಿಳಿಚಿಕೊಂಡರೆ ಬೆಳ್ಳಿ ಬೆರೆತಿರಬಹುದು ಎನ್ನುತ್ತಾರೆ, ಸಾಲದ ಮೊತ್ತ ಇಳಿಯುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ನೆವಾಡಾ ಸೀಮೆಯ ಈ ಚರಿತ್ರೆ ಕೇಳಿ.

ಅಲ್ಲಿನ ಗೋಲ್ಡ್ ಕ್ಯಾನ್ಯನ್ ಎಂಬ ಕಣಿವೆಯಲ್ಲಿ 1850ರಲ್ಲಿ ಚಿನ್ನದ ಕಣಗಳು ಸಿಕ್ಕವು. ಜನ ಬಂದು ಮರಳು ತೊಳೆಯತೊಡಗಿದರು. ಆದರೆ ಆ ಚಿನ್ನ ಪೇಲವ. ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಸಿಗುವ ಬೆಲೆ ಅದಕ್ಕೆ ಸಿಗುತ್ತಿರಲಿಲ್ಲ. ಅದರಲ್ಲಿ ಬೆರೆತ ಬೆಳ್ಳಿ ಎಲ್ಲಿಂದ ಬಂತು ಎಂದು ಹುಡುಕಿ ಹೊರಟವರು ವಿರಳ.

ಆ ವಿರಳರಲ್ಲಿ ಅಲೆನ್ ಮತ್ತು ಹೋಸಿಯಾ ಗ್ರಾಶ್ ಎಂಬ ಅಣ್ಣತಮ್ಮಂದಿರು ಸೇರಿದ್ದರು. ಬೆಳ್ಳಿಯ ಅದಿರು ಕಂಡಿದ್ದೇವೆಂದು ತಂದೆಗೆ ಕಾಗದ ಬರೆದರು. 1857ರಲ್ಲಿ ಹೋಸಿಯಾ ಕಾಲಿಗೆ ಗುದ್ದಲಿ ಏಟು ಬಿದ್ದು ತೀರಿಕೊಂಡ. ಅದೇ ವರ್ಷದ ಚಳಿಗಾಲದಲ್ಲಿ ಬೆಟ್ಟ ದಾಟುವಾಗ ಹಿಮಕ್ಕೆ ಸಿಕ್ಕಿ ಅಲೆನ್ ಕೂಡ ಹೋದ. ಅವರ ತಿಳಿವಳಿಕೆ ಅಲ್ಲಿಗೇ ನಿಂತಿತು.

1859ರ ಜೂನ್‌ನಲ್ಲಿ ಪೀಟರ್ ಓ'ರೈಲಿ, ಪ್ಯಾಟ್ರಿಕ್ ಮೆಕ್‌ಲಾಫ್ಲಿನ್ ಎಂಬಿಬ್ಬರಿಗೆ ಪಕ್ಕದ ಸಿಕ್ಸ್ ಮೈಲ್ ಕ್ಯಾನ್ಯನ್‌ನಲ್ಲಿ ಚಿನ್ನ ಸಿಕ್ಕಿತು. ಹೆನ್ರಿ ಕಾಮ್‌ಸ್ಟಾಕ್ ಎಂಬವನು ಜಾಗ ತನ್ನದೆಂದು ಹೇಳಿ ಪಾಲು ಪಡೆದ. ಚಿನ್ನದ ಜೊತೆ ನೀಲಿಗಪ್ಪು ಬಣ್ಣದ ಭಾರವಾದ ಮಣ್ಣು ಬರುತ್ತಿತ್ತು. ತೊಟ್ಟಿಲಿನಂತೆ ತೂಗಿ ಮರಳು ತೊಳೆಯುವ ಪೆಟ್ಟಿಗೆಗೆ ಅದು ಮೆತ್ತಿಕೊಂಡು ಕೆಲಸ ಕೆಡಿಸುತ್ತಿತ್ತು. ಅವರು ಅದನ್ನು ಶಪಿಸಿ ಎಸೆದರು.

ಯಾರೋ ಅದರ ಒಂದಿಷ್ಟನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದು ಅದಿರು ಪರೀಕ್ಷಕರಿಗೆ ಕೊಟ್ಟರು. ಟನ್ನಿಗೆ ಸಾವಿರಾರು ಡಾಲರ್ ಬೆಲೆ, ಅದರಲ್ಲೂ ಚಿನ್ನಕ್ಕಿಂತ ಬೆಳ್ಳಿಯದೇ ಹೆಚ್ಚು ಎಂಬ ಉತ್ತರ ಬಂತು! ನಿಮ್ಮ ಮನೆಯ ಕಾಲ್ಗೆಜ್ಜೆ ಕಪ್ಪಾಗುವುದನ್ನು ನೋಡಿದ್ದೀರಲ್ಲವೇ? ಬೆಳ್ಳಿ ಗಂಧಕದೊಡನೆ ಸೇರಿದರೆ ಕಪ್ಪಾಗುತ್ತದೆ. ಆ ಮಣ್ಣಿನಲ್ಲಿದ್ದದ್ದೂ ಅದೇ.

ಮುಂದಿನ ಸುಮಾರು 20 ವರ್ಷಗಳಲ್ಲಿ ಅಲ್ಲಿಂದ ಸುಮಾರು 30 ಕೋಟಿ ಡಾಲರ್ ಬೆಲೆಯ ಬೆಳ್ಳಿ, ಚಿನ್ನ ಹೊರಬಂತು. ಮೆಕ್‌ಲಾಫ್ಲಿನ್ ತನ್ನ ಪಾಲನ್ನು 3,500 ಡಾಲರಿಗೆ, ಕಾಮ್‌ಸ್ಟಾಕ್ 11,000 ಡಾಲರಿಗೆ ಮಾರಿಬಿಟ್ಟಿದ್ದರು. ಗಣಿಗೆ ಕಾಮ್‌ಸ್ಟಾಕ್‌ನ ಹೆಸರು ಉಳಿಯಿತು. ಅವನು ಮಾತ್ರ 1870ರಲ್ಲಿ ಗುಂಡು ಹಾರಿಸಿಕೊಂಡು ಸತ್ತ.

ಗುರುತಿಸಲಾಗದ ಕಲ್ಲು ಸಿಕ್ಕರೆ ಹಿಗ್ಗಲೂ ಬೇಡಿ, ಎಸೆಯಲೂ ಬೇಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಚಿನ್ನ ಚಪ್ಪಟೆಯಾಗುತ್ತದೆ, ಚಿನ್ನದಂತೆ ಹೊಳೆಯುವ ಪೈರೈಟ್ ಪುಡಿಯಾಗುತ್ತದೆ. ಹೊಳಪಿಲ್ಲದ ಬಿಳಿ ಪಿಂಗಾಣಿಗೆ ಉಜ್ಜಿದರೆ ಚಿನ್ನದ ಗೆರೆ ಹಳದಿ, ಪೈರೈಟಿನದು ಕಪ್ಪು. ಅಷ್ಟಕ್ಕೂ ತಿಳಿಯದಿದ್ದರೆ ಬಲ್ಲವರಿಗೆ ಕೊಟ್ಟು ಕೇಳಿ.

ಇನ್ನೊಂದು ಮಾತು. ನಿಮ್ಮ ವಸ್ತುವಿಗೆ ಯಾರಾದರೂ ಬೆಲೆ ಇಳಿಸಿದರೆ, ಏಕೆ ಎಂದು ಕೇಳದೆ ಏಳಬೇಡಿ. ಆ ಕಣಿವೆಯವರಿಗೆ ಸುಮಾರು ಒಂಬತ್ತು ವರ್ಷ ಕೈಗೆ ಬಂದ ಕಡಿಮೆ ಬೆಲೆಯೇ ಬೆಳ್ಳಿಯ ಸುಳಿವಾಗಿತ್ತು.