ಕಾವಲೂರಿನ ವೈನು ಬಪ್ಪು

ಬೇಲೂರು, ಹಳೇಬೀಡು, ಅರಸೀಕೆರೆ ಕಡೆಯ ಹೊಯ್ಸಳ ಶಾಸನಗಳನ್ನು ಓದಿದವರಿಗೆ ಗೊತ್ತಿರುತ್ತೆ, ದೇವಸ್ಥಾನಕ್ಕೆ ಭೂಮಿ ಬಿಟ್ಟದ್ದನ್ನು ಬರೆಯುವಾಗ ಎಷ್ಟೋ ಸಲ ಅವತ್ತು ಗ್ರಹಣ ಇತ್ತು ಅಂತಲೂ ಕೆತ್ತಿರುತ್ತಾರೆ. ಈಗಿನವರು ಅದನ್ನೇ ಹಿಡಿದು ಶಾಸನದ ತಾರೀಖನ್ನು ತಾಳೆ ನೋಡುತ್ತಾರೆ. ಅದೇ ರೀತಿ, ಗ್ರಹವೊಂದು ನಕ್ಷತ್ರವನ್ನು ಮರೆಮಾಡಿದಾಗಲೂ (ನಕ್ಷತ್ರಕ್ಕೆ ಗ್ರಹಣ ಅನ್ನಿ!) ಬಹಳ ಸಂಗತಿ ತಿಳಿಯುತ್ತೆ. ನಮ್ಮಲ್ಲಿ ಅಂಥದ್ದನ್ನು ಹಿಡಿಯುವ ಜಾಗ ಕಟ್ಟಿದವರು ವೈನು ಬಪ್ಪು.

ಹುಟ್ಟಿದ್ದು 1927ರಲ್ಲಿ, ಮದ್ರಾಸಿನಲ್ಲಿ. ಅಪ್ಪ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದರು. ಹಾರ್ವರ್ಡಿನಲ್ಲಿ ಓದುವಾಗಲೇ, 1949ರಲ್ಲಿ, ಒಂದು ಹೊಸ ಧೂಮಕೇತು ಕಂಡುಹಿಡಿದರು. ಅದಕ್ಕೆ ಬಪ್ಪು-ಬಾಕ್-ನ್ಯೂಕರ್ಕ್ ಅಂತ ಹೆಸರು. 1957ರ ವಿಲ್ಸನ್-ಬಪ್ಪು ಪರಿಣಾಮ ಇನ್ನೂ ದೊಡ್ಡದು. ತಂಪು ನಕ್ಷತ್ರದ ಬೆಳಕಿನಲ್ಲಿ ಕ್ಯಾಲ್ಸಿಯಂನ ಗೆರೆ ಎಷ್ಟು ಅಗಲವಿದೆ ಅಂತ ಅಳೆದರೆ ನಕ್ಷತ್ರದ ನಿಜವಾದ ಪ್ರಕಾಶ ಗೊತ್ತಾಗುತ್ತೆ, ಅದರಿಂದ ದೂರ.

ಅಮೆರಿಕದಲ್ಲೇ ಉಳಿದಿದ್ದರೆ ಆರಾಮಾಗಿರಬಹುದಿತ್ತು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅಲ್ಲಿ ಸೂರ್ಯನನ್ನು ನೋಡಲು ಅನುಕೂಲವಿತ್ತು, ರಾತ್ರಿ ಆಕಾಶಕ್ಕೆ ಬೇರೆ ಜಾಗ ಬೇಕಿತ್ತು. ಹುಡುಕಿ ಹುಡುಕಿ ಆರಿಸಿದ್ದು ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು. ಹಳೇಬೀಡಿಗಿಂತ ಒಂದು ಡಿಗ್ರಿಯೂ ದಕ್ಷಿಣಕ್ಕಿಲ್ಲ, ಅಂದರೆ ಹೆಚ್ಚುಕಡಿಮೆ ನಮ್ಮ ಊರಿನ ಆಕಾಶವೇ. 1968ರಲ್ಲಿ 38 ಸೆಂ.ಮೀ. ದೂರದರ್ಶಕದಿಂದ ಶುರು.

1972ರಲ್ಲಿ 102 ಸೆಂ.ಮೀ. ದೂರದರ್ಶಕ ಬಂತು. ಅದೇ ವರ್ಷ ಗುರುವಿನ ಚಂದ್ರ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದ್ದನ್ನು ಇಲ್ಲಿಂದ ನೋಡಿದರು. 1977ರ ಮಾರ್ಚ್ 10ರಂದು ಯುರೇನಸ್ ಸರದಿ. ಗ್ರಹದ ಪಕ್ಕದಲ್ಲಿ ನಕ್ಷತ್ರದ ಬೆಳಕು ಗಕ್ಕನೆ ಕುಗ್ಗಿತು. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಮೊದಲು ಹೊಸ ಉಪಗ್ರಹ ಅಂದುಕೊಂಡರು. ಅದು ಯುರೇನಸ್‌ನ ಉಂಗುರ! ವಿಮಾನದಲ್ಲಿ ದೂರದರ್ಶಕ ಹೊತ್ತು ಹಾರಿದ್ದ ಅಮೆರಿಕನ್ನರೂ ಅದೇ ರಾತ್ರಿ ಇದನ್ನು ಕಂಡಿದ್ದರು. ಕೀರ್ತಿ ಹೆಚ್ಚು ಅವರಿಗೇ ಹೋಯಿತು.

ಬಪ್ಪು ಅವರಿಗೆ ಅಷ್ಟು ಸಾಲದು. ವಿದೇಶದಿಂದ ತರಿಸಿದ್ದಲ್ಲ, ಇಲ್ಲೇ ಕಟ್ಟಿದ 2.34 ಮೀಟರ್ ದೂರದರ್ಶಕ ಬೇಕಿತ್ತು. ಅದರ ಕನ್ನಡಿಯನ್ನು ಉಜ್ಜಿ ತಿದ್ದಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ, ಜಯರಾಜನ್ ಅವರ ಕೈಕೆಳಗೆ. (ಕೋರಮಂಗಲದ ಟ್ರಾಫಿಕ್‌ನಲ್ಲಿ ದಿನಾ ಬೆವರುವ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಆ ಗೇಟಿನೊಳಗೆ ಇಂಥ ಕೆಲಸ ನಡೆದಿತ್ತು ಅಂತ ಎಲ್ಲಿ ಗೊತ್ತು!)

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಐವತ್ತೈದು ವಯಸ್ಸು. ದೊಡ್ಡ ದೂರದರ್ಶಕ ಇನ್ನೂ ಮುಗಿದಿರಲಿಲ್ಲ. 1986ರ ಜನವರಿ 6ರಂದು ರಾಜೀವ್ ಗಾಂಧಿ ಕಾವಲೂರಿಗೆ ಬಂದು ಅದಕ್ಕೆ ವೈನು ಬಪ್ಪು ಅಂತಲೇ ಹೆಸರಿಟ್ಟರು.