ಕಿತ್ತೂರಿನ ಎಕ್ಸ್‌ಚೇಂಜು, ಬೀದಿ ತುದಿಯ ಬೂತು

ಕಿತ್ತೂರು ಅಂದ ತಕ್ಷಣ ನಮಗೆಲ್ಲ ನೆನಪಾಗೋದು ರಾಣಿ ಚೆನ್ನಮ್ಮ, 1824ರ ಯುದ್ಧ. ನನ್ನಂಥ ಸಾಫ್ಟ್‌ವೇರ್ ಮಂದಿಗೆ ಆ ಊರು ಇನ್ನೊಂದು ಕಾರಣಕ್ಕೂ ನೆನಪಿರಬೇಕು. ಹಳ್ಳಿಗಳಿಗಾಗಿ ನಮ್ಮ ದೇಶದಲ್ಲೇ ರೂಪಿಸಿದ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜು 1986ರ ಜುಲೈನಲ್ಲಿ ಮೊದಲು ಕೆಲಸ ಶುರು ಮಾಡಿದ್ದು ಇದೇ ಕಿತ್ತೂರಿನಲ್ಲಿ!

ಅದಕ್ಕೂ ಮುಂಚೆ ಫೋನಿನ ಕಥೆ ಹೇಗಿತ್ತು? ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಎಷ್ಟೋ ಊರುಗಳಿಂದ ಪರವೂರಿಗೆ ಮಾತಾಡಬೇಕಂದ್ರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂರಬೇಕು. ಅದರಲ್ಲೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ತರಾವರಿ.. ದುಡ್ಡು ಹೆಚ್ಚು ಕೊಟ್ಟಷ್ಟೂ ಸರದಿ ಬೇಗ.

1984ರಲ್ಲಿ ಸಿ-ಡಾಟ್ ಹುಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದರು. ಮಂಜೂರಾದದ್ದು 36 ಕೋಟಿ ರೂಪಾಯಿ, ಕೊಟ್ಟ ಗಡುವು 36 ತಿಂಗಳು. ದೆಹಲಿ ಮತ್ತು ಬೆಂಗಳೂರಿನಲ್ಲಿ ಕೂತ ಎಳೆಯ ಎಂಜಿನಿಯರುಗಳು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಈ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜೂ ಒಂದು. ಹೊರದೇಶದ ದೊಡ್ಡ ಯಂತ್ರಗಳಿಗೆ ಎ.ಸಿ. ಕೋಣೆ ಬೇಕಿತ್ತು. ನಮ್ಮ ಹಳ್ಳಿಯಲ್ಲಿ ಎ.ಸಿ. ಹಾಗಿರಲಿ, ಕರೆಂಟೇ ಬಂದರೆ ಬಂತು :-) ಹಾಗಾಗಿ ಇದು ಕಡಿಮೆ ವಿದ್ಯುತ್ ತಿನ್ನಬೇಕು, ಎ.ಸಿ. ಇಲ್ಲದೆ ಸೆಕೆ, ಧೂಳು ತಡೆದುಕೊಳ್ಳಬೇಕು ಅಂತ ಮೊದಲೇ ತೀರ್ಮಾನಿಸಿದರು. ಯಂತ್ರ ಎಲ್ಲಿ ಕೂರುತ್ತೆ ಅನ್ನೋ ಪ್ರಶ್ನೆಯಿಂದಲೇ ಡಿಸೈನ್ ಶುರುವಾಯ್ತು. ಆಫೀಸಿನ ವೇಗದ ನೆಟ್‌ವರ್ಕಿನಲ್ಲಿ ಆಪ್ ಓಡಿಸಿ ನೋಡಿ "ಆಯ್ತು" ಅನ್ನುವ ನಾವು ಕಲಿಯಬೇಕಾದ ಪಾಠ ಇದು.

ಎಕ್ಸ್‌ಚೇಂಜು ಬಂದರೂ ಮನೆಮನೆಗೆ ಫೋನು ಕೊಡೋಷ್ಟು ಲೈನುಗಳಿರಲಿಲ್ಲ. ಅದಕ್ಕೆ ಕಂಡ ದಾರಿ ಎಸ್‌ಟಿಡಿ ಬೂತು. ಒಂದು ಫೋನು, ಇಡೀ ಬೀದಿಗೆ. ಬೂತಿನ ಆ ಕೆಂಪು ಅಂಕಿಗಳ ಮೀಟರಿನ ಲೆಕ್ಕ ಬಹಳ ಸರಳ. ಎಕ್ಸ್‌ಚೇಂಜಿನಿಂದ ಪಲ್ಸ್ ಬರುತ್ತೆ, ಒಂದು ಪಲ್ಸಿಗೆ ಒಂದು ಯೂನಿಟ್. ಊರು ದೂರವಾದಷ್ಟೂ ಪಲ್ಸುಗಳು ಹತ್ತಿರ ಹತ್ತಿರ ಬೀಳುತ್ತವೆ. ರಾತ್ರಿ ತಡವಾದರೆ ನಿಧಾನ ಆಗುತ್ತವೆ, ಬಿಲ್ಲೂ ಇಳಿಯುತ್ತೆ. ಅದಕ್ಕೇ ಊಟ ಮುಗಿಸಿ ಬೂತಿನ ಮುಂದೆ ಕ್ಯೂ! "ಹುಷಾರಾಗಿದೀಯಾ? ದುಡ್ಡು ಸಿಕ್ತಾ? ಸರಿ, ಇಡ್ತೀನಿ" ಅಂತ ಇಡೀ ವಾರದ ಸುದ್ದಿ ಒಂದೇ ಉಸಿರಲ್ಲಿ ಮುಗೀತಿತ್ತಂತೆ. ಅಮ್ಮ ಈಗಲೂ ಫೋನಲ್ಲಿ ಹಾಗೇ ಮಾತಾಡೋದು :-)

ಬೂತುಗಳನ್ನು ಕೊಡುವಾಗ ಸರ್ಕಾರ ಅಂಗವಿಕಲರಿಗೆ ಆದ್ಯತೆ ಕೊಡುತ್ತಿತ್ತು. ಕೂತಲ್ಲೇ ಮಾಡಬಹುದಾದ ಕೆಲಸ, ಪ್ರತಿ ಕಾಲಿಗೂ ಕಮಿಷನ್. ಎಷ್ಟೋ ಸಂಸಾರಗಳು ಆ ಚಿಲ್ಲರೆಯ ಮೇಲೆ ನಡೆದವು.

ಆಮೇಲೆ ಮೊಬೈಲು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ದೇಶದ ಮೊದಲ ಮೊಬೈಲ್ ಕರೆ ಮಾಡಿದರು. 2003ರಲ್ಲಿ ಒಳಬರುವ ಕರೆ ಉಚಿತ ಆಯ್ತು. 2006ರ ಮಾರ್ಚಿನಲ್ಲಿ ಬಿಎಸ್ಸೆನ್ನೆಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಅಂದಿತು. ದೂರಕ್ಕೆ ದರ ಅನ್ನೋದೇ ಸತ್ತ ಮೇಲೆ ಬೂತಿಗೇನು ಕೆಲಸ? ಒಂದೊಂದೇ ಬೂತು ಜೆರಾಕ್ಸ್ ಅಂಗಡಿ, ರೀಚಾರ್ಜ್ ಅಂಗಡಿ ಆಯ್ತು. ಕೆಲವು ಬಾಗಿಲು ಹಾಕಿದವು.

ಆ ಬೂತುಗಳು ವಾಪಸ್ ಬರಲಿ ಅಂತ ನಾನೂ ಹೇಳೋದಿಲ್ಲ. ಅಗ್ಗದ ಮೊಬೈಲಿನಿಂದ ಲಾಭ ಆದದ್ದು ಬಡವರಿಗೇ ಹೆಚ್ಚು. ಆದರೆ ನಮ್ಮ ವೃತ್ತಿಯವರು ಟೆಕ್ನಾಲಜಿಯ ಇತಿಹಾಸ ಹೇಳುವಾಗ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹಾರಿಬಿಡ್ತೇವೆ. ಹಳೇದನ್ನು ಆಫ್ ಮಾಡಿದ ದಿನ ಆ ಗಾಜಿನ ಪೆಟ್ಟಿಗೆಯ ಪಕ್ಕ ಕೂತಿದ್ದವರು ಏನಾದರು ಅನ್ನೋದು ಯಾವ ರಿಲೀಸ್ ನೋಟಿನಲ್ಲೂ ಇರೋದಿಲ್ಲ. ಹೊಸದನ್ನು ಕಟ್ಟುವಾಗ ಧೂಳು, ಸೆಕೆಯ ಲೆಕ್ಕ ಹಾಕಿದ ನಾವು ಹಳೇದನ್ನು ಮುಚ್ಚುವಾಗ ಈ ಲೆಕ್ಕವನ್ನೂ ಹಾಕಬೇಕಿತ್ತಲ್ವಾ?

ನಿಮ್ಮ ಬೀದಿಯ ಬೂತಿನವರು ಈಗ ಏನು ಮಾಡ್ತಿದಾರೆ? ಗೊತ್ತಿದ್ದರೆ ಬರೀರಿ.